ಅಂಚಿಗೆ ಸಿಡಿದ ಕಣ

ನದಿಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಹಾಂತಯ್ಯನವರು ಅಲ್ಲಿ ಇರುತ್ತಿದ್ದರು. ನೀಲಗಂಗಾ ಅವರ ಶಿಷ್ಯೆ.

ಕಂಪ್ಯೂಟರಿನೊಳಗೆ ಲಕ್ಷಾಂತರ ಕಣಗಳನ್ನು ಕೂಡಿಸಿ, ಸ್ಫೋಟಿಸಿ, ಅವುಗಳ ಚಲನೆಯನ್ನು ಲೆಕ್ಕ ಹಾಕುವುದು ಅವಳ ಸಂಶೋಧನೆ. ಸ್ಫೋಟದ ಶಾಖ ಕಣಗಳ ನಡುವೆ ಹೇಗೆ ಹಂಚಿಹೋಗಿ ಸಮತೋಲನಕ್ಕೆ ಬರುತ್ತದೆ ಎಂದು ಅವಳು ತಿಳಿಯಬೇಕಿತ್ತು.

ಹಿಂದಿನ ವರ್ಷ ಅವಳ ಅಣ್ಣ ಕಲ್ಲು ಕ್ವಾರಿಯ ಸ್ಫೋಟದಲ್ಲಿ ತೀರಿಕೊಂಡಿದ್ದ. ಮಣ್ಣು ಮಾಡಿದ ಮರುದಿನವೇ ಅವಳು ಊರು ಬಿಟ್ಟು ಬಂದಳು. ಮತ್ತೆ ಹೋಗಲಿಲ್ಲ. ಅತ್ತಿಗೆಯ ಫೋನ್ ಬಂದರೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಲ್ಯಾಪ್‌ಟಾಪನ್ನು ಗುರುಗಳ ಮುಂದೆ ತಂದಿಟ್ಟಳು.

"ಎಲ್ಲೋ ತಪ್ಪಾಗಿದೆ ಗುರುಗಳೇ. ನಡುವಿನ ಕಣಗಳು ಬೇಗ ಸಮತೋಲನಕ್ಕೆ ಬರುತ್ತವೆ. ಅಂಚಿನವು ಎಷ್ಟು ಹೊತ್ತು ಕಾದರೂ ಬರುವುದಿಲ್ಲ."

"ನಡುವಿನವು ಹೇಗೆ ಬಂದವು?"

"ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ವೇಗ ಹೆಚ್ಚಿದ್ದದ್ದು ಕಡಿಮೆ ಇದ್ದದ್ದಕ್ಕೆ ಕೊಡುತ್ತದೆ. ಹಾಗೇ ಹಂಚಿಹೋಗುತ್ತದೆ."

"ಅಂಚಿನದು?"

"ಅದು ಸಿಡಿದು ದೂರ ಹೋಗಿರುತ್ತದೆ. ಅದಕ್ಕೆ ಇನ್ನೊಂದು ಕಣ ಸಿಗುವುದೇ ಇಲ್ಲ. ಸಿಡಿದಾಗಿನ ವೇಗವನ್ನು..." ಅವಳು ಪರದೆಯಿಂದ ಕಣ್ಣು ತೆಗೆದಳು.

"ಹೇಳು ತಂಗಿ."

"ಅದನ್ನು ಹಾಗೇ ಹೊತ್ತುಕೊಂಡು ಹೋಗುತ್ತಿರುತ್ತದೆ."

ಗುರುಗಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. "ಲೆಕ್ಕದಲ್ಲಿ ತಪ್ಪಿಲ್ಲ."

ನೀಲಗಂಗಾ ತಲೆ ತಗ್ಗಿಸಿದಳು. ಆಮೇಲೆ ಹೇಳಿದಳು. "ನನ್ನನ್ನು ಓದಿಸಬೇಕು ಅಂತಲೇ ಅಣ್ಣ ಆ ಕ್ವಾರಿ ಕೆಲಸ ಹಿಡಿದದ್ದು. ಅತ್ತಿಗೆಗೆ ಯಾವ ಮುಖ ತೋರಿಸಲಿ?"

ಗುರುಗಳು ಎದ್ದರು. ಗೂಟದಲ್ಲಿದ್ದ ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು. "ನಿಮ್ಮೂರಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ?"

ಅವರಿಬ್ಬರೂ ಊರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅತ್ತಿಗೆ ಶರಣವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾದಿನಿಯನ್ನು ಕಂಡು ಅವಳ ಕೈ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

ನೀಲಗಂಗಾಳ ಕಾಲು ಅಂಗಳದ ಅಂಚಿನಲ್ಲೇ ನಿಂತುಬಿಟ್ಟಿತು.

"ಗುರುಗಳೇ, ನಾನು ಏನಂತ ಹೇಳಲಿ?" ಎಂದು ಪಿಸುಗುಟ್ಟಿದಳು.

ಗುರುಗಳು ಅವಳ ಬೆನ್ನ ಮೇಲೆ ಕೈ ಇಟ್ಟರು.

"ಹಸಿವಾಗಿದೆ ಅಂತ ಹೇಳು."