ಕಾಶವ್ವನ ಮನೆಗೆ ವೈಫೈ ಬಂದದ್ದು

ಹತ್ತಿರ ಬನ್ನಿ, ಕೂತುಕೊಳ್ಳಿ. ಈ ಕತೆಯನ್ನು ಕಾಶವ್ವನ ಎದುರಿಗೆ ಹೇಳುವ ಹಾಗಿಲ್ಲ, ಹೇಳಿದರೆ ಲಟ್ಟಣಿಗೆ ಹಾರಿ ಬರುತ್ತದೆ. ಈಗ ಅವಳು ಸಂತೆಗೆ ಹೋಗಿದ್ದಾಳೆ, ಬರುವುದರೊಳಗೆ ಹೇಳಿ ಮುಗಿಸುತ್ತೇನೆ.

ಧಾರವಾಡದ ಕೋಚಿಂಗ್ ಕ್ಲಾಸುಗಳ ಓಣಿಯಲ್ಲಿ ಕಾಶವ್ವನ ಮನೆ. ಕೆಳಗೆ ತಾಯಿ ಮಗ, ಮೇಲೆ ಬಾಡಿಗೆಗಿದ್ದ ಹುಡುಗಿಯರು. ಅವರೆಲ್ಲ ತಹಶೀಲ್ದಾರ್ ಆಗಲು ಓದುವವರು, ಕಾಶವ್ವ ಅವರಿಗೆ ರೊಟ್ಟಿ ಬಡಿದು ಹಾಕುವವಳು. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದೇ ಆ ಹುಡುಗಿಯರಿಂದ.

ಮಗನ ಹೆಸರು ಈರಭದ್ರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ತಾಯಿ ಹೇಳಿದ್ದನ್ನು ಒಂದು ದಿನವೂ ಮೀರಿದವನಲ್ಲ, ಅದೇ ಅವನ ರೋಗ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ನಿಲ್ಲುತ್ತಿದ್ದ. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಗುತ್ತಿತ್ತು.

ಒಂದು ದಿನ ಹುಡುಗಿಯರು ಸಾಲಾಗಿ ಕೆಳಗಿಳಿದು ಬಂದರು. ಅವರ ಮುಂದಾಳು ತ್ರಿವೇಣಿ.

"ಆಂಟಿ, ಸೋಮವಾರದಿಂದ ನಮ್ಮ ಟೆಸ್ಟ್ ಎಲ್ಲಾ ಆನ್‌ಲೈನ್ ಅದಾವ್ರಿ. ವೈಫೈ ಹಾಕಸ್ರಿ. ಇಲ್ಲಾಂದ್ರ ಎದುರಮನಿ ಸುಶೀಲಕ್ಕಾರ ಕಡೆ ಹೋಗ್ತೀವ್ರಿ. ಅಲ್ಲಿ ವೈಫೈ ಐತಂತ."

ಸುಶೀಲಕ್ಕ ಅಂದರೆ ಕಾಶವ್ವನಿಗೆ ಕಣ್ಣೊಳಗಿನ ಕಸ. ಅವತ್ತೇ ವೈಫೈ ಕಂಪನಿಗೆ ಫೋನು ಮಾಡಿದಳು. ಒಬ್ಬ ಬಂದ, ತಂತಿ ಎಳೆದ, ಪುಟ್ಟ ಡಬ್ಬಿ ಕೊಟ್ಟ. "ಎತ್ತರಕ್ಕ ಇಡ್ರಿ, ಉಳದದ್ದು ಫೋನಿನಾಗ ಹೇಳ್ತಾರ" ಅಂದವನೇ ಗಾಡಿ ಹತ್ತಿ ಹೋದ.

"ಈರಭದ್ರಾ, ನಾ ಹಿಟ್ಟು ಬೀಸಿಕೊಂಡು ಬರ್ತೀನಿ. ಡಬ್ಬಿ ಎತ್ತರಕ್ಕ ಇಡು. ತಿಳೀತೇನು?"

"ತಿಳೀತವ್ವಾ!"

ಗಿರಣಿಯಿಂದ ಬಂದು ನೋಡುತ್ತಾಳೆ, ಡಬ್ಬಿ ಇಲ್ಲ! ಮಗನೂ ಇಲ್ಲ! ಮಾಳಿಗೆಯ ನೀರಿನ ಟಾಕಿಯ ಮೇಲಿಂದ ದನಿ ಬಂತು.

"ಯವ್ವಾ, ಇದಕ್ಕಿಂತ ಎತ್ತರ ಈ ಓಣಿಯಾಗ ಎಲ್ಲೂ ಇಲ್ಲ!"

ತಂತಿ ಕಿತ್ತು, ಪ್ಲಗ್ಗು ಕಿತ್ತು, ಉರಿಬಿಸಿಲಲ್ಲಿ ಡಬ್ಬಿ ಹಿಡಿದುಕೊಂಡು ಕೂತಿದ್ದಾನೆ ಭೂಪ!

"ಇಳಿಯೋ ಖೋಡಿ! ಕರೆಂಟಿಲ್ದ ಅದು ಹೆಂಗ ನಡದೀತು? ಬಿಸಲಾಗ ಸುಟ್ಟುಹೋದ್ರ? ಅದು ನಾಜೂಕಿನ ವಸ್ತು. ಮನಿಯಾಗ ಕರೆಂಟಿಗೆ ಹಚ್ಚು, ಹಸಗೂಸಿನಂಗ ನೋಡ್ಕೋ! ತಿಳೀತೇನು?"

"ತಿಳೀತವ್ವಾ!"

ಎಷ್ಟು ತಿಳಿಯಿತು ಅನ್ನುವುದನ್ನು ಕೇಳಿ. ಮರುದಿನ ಕಾಶವ್ವ ಕಾಯಿಪಲ್ಯ ತರಲು ಹೋದಳು. ಈರಭದ್ರ ಕಂಪನಿಗೆ ಫೋನು ಹಚ್ಚಿದ. ಹಾಡು ಕೇಳಿಸಿ ಕೇಳಿಸಿ ಕೊನೆಗೊಬ್ಬಳು ಜೇನಿನಂಥ ದನಿಯಲ್ಲಿ ಮಾತಾಡಿದಳು.

"ಸರ್, ಮೊದಲಿಗೆ ಅದಕ್ಕೊಂದು ಹೆಸರಿಡಬೇಕು ಸರ್."

"ಹೌದ್ರಿ ಹೌದ್ರಿ, ಅದು ಆಗಬೇಕಾದದ್ದ!" ಅಂದವನೇ ಫೋನಿಟ್ಟುಬಿಟ್ಟ.

ಕಾಶವ್ವ ಚೀಲ ಹೊತ್ತು ಬಂದು ನೋಡುತ್ತಾಳೆ, ಪಡಸಾಲೆ ತುಂಬಾ ಹೆಂಗಸರು! ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿದಿದೆ. ತೊಟ್ಟಿಲಲ್ಲಿ ಕುಂಚಿಗೆ ಹಾಕಿಸಿಕೊಂಡು, ಕೌದಿ ಹೊದ್ದುಕೊಂಡು ಮಲಗಿದೆ ಡಬ್ಬಿ! ಈರಭದ್ರನ ಸೋದರತ್ತೆ ಶಾಂತವ್ವ ಬಗ್ಗಿ, ಕಿವಿ ಎಲ್ಲಿದೆಯೆಂದು ಹುಡುಕಿ, "ಕುರ್ರ್‌ರ್!" ಅಂದಳು. ಹಿಂದಿದ್ದವರು ಹೆಸರಿಡುವ ಶಾಸ್ತ್ರದಂತೆ ಅವಳ ಬೆನ್ನಿಗೆ ಗುದ್ದಿದರು. ಈರಭದ್ರ ಗುಗ್ಗರಿ ಹಂಚುತ್ತಿದ್ದ.

"ಏನಂತ ಇಟ್ರಿ ಹೆಸರು?" ಅಂದಳೊಬ್ಬಳು.

"ಅಜ್ಜನ ಹೆಸರಽ ಇಟ್ಟೀವಿ. ವಿರೂಪಾಕ್ಷಪ್ಪ!" ಅಂದ ಈರಭದ್ರ.

ಶಾಂತವ್ವ ಕೌದಿಯೊಳಗೆ ಕೈ ಹಾಕಿ ಬೆಚ್ಚಿಬಿದ್ದಳು. "ಅಯ್ಯ ಶಿವನ, ಕೂಸಿನ ಮೈ ಕಾದೈತಿ! ಜ್ವರ ಬಂದಾವ!"

ಬರದೇ ಏನು? ಕರೆಂಟಿಗೆ ಹಚ್ಚಿ ಕೌದಿ ಹೊದಿಸಿದರೆ ಯಾವ ಡಬ್ಬಿ ಕಾಯುವುದಿಲ್ಲ? ಮೇಲಿನಿಂದ ತ್ರಿವೇಣಿ ಇಣುಕಿ ನೋಡಿದಳು. ಕಾಶವ್ವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಹೆಂಗಸರನ್ನೆಲ್ಲ ಸಾಗಹಾಕಿ ಮಗನ ಕಿವಿ ಹಿಡಿದಳು.

"ಹೆಸರು ಫೋನಿನಾಗ ಬರೀಬೇಕೋ ಹುಚ್ಚಪ್ಪಾ! ಓಣಿ ಕರದು ಕುಣೀಬಾರದು. ಇಂಥಾ ಕೆಲಸ ಗಪ್‌ಚಿಪ್ ಮಾಡಬೇಕು. ಯಾರಿಗೂ ಹೇಳಬಾರದು, ಯಾರಿಗೂ ಗೊತ್ತಾಗಬಾರದು! ತಿಳೀತೇನು?"

"ತಿಳೀತವ್ವಾ!"

ಈ ಸಲ ಕೋಣೆ ಸೇರಿ ಅಗಳಿ ಹಾಕಿಕೊಂಡ. ಫೋನಿನ ದನಿ ಹೇಳಿದ ಹಾಗೆ ಸೆಟ್ಟಿಂಗಿನ ಪುಟ ತೆರೆದ. ಹೆಸರಿನ ಜಾಗದಲ್ಲಿ "ಕಾಶವ್ವ" ಅಂತ ಬರೆದ. ಪಾಸ್‌ವರ್ಡಿನ ಜಾಗದಲ್ಲಿ ಪಾಸ್‌ವರ್ಡೂ ಹಾಕಿ ಉಳಿಸಿದ. ಹೊರಗೆ ಬಂದಾಗ ಮುಖದಲ್ಲಿ ಗೆದ್ದ ಕಳೆ! ಹುಡುಗಿಯರು ಫೋನು ಹಿಡಿದು ಓಡಿಬಂದರು.

"ಕಾಶವ್ವ ಅಂತ ಹೆಸರು ಬಂತು! ಪಾಸ್‌ವರ್ಡ್ ಏನಣ್ಣಾ?"

"ಹೇಳಂಗಿಲ್ಲ."

"ಅಣ್ಣಾ, ಟೆಸ್ಟ್ ಐತಿ!"

"ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ."

ಕಾಶವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಹೆತ್ತ ತಾಯಿಗೂ ಹೇಳಂಗಿಲ್ಲೇನೋ?"

"ಯವ್ವಾ, ಯಾರಿಗೂ ಗೊತ್ತಾಗಬಾರದು ಅಂತ ನೀನಽ ಅಂದಿ. ಅದಕ್ಕ ಕಣ್ಣು ಮುಚ್ಚಿಕೊಂಡು ಒತ್ತೀನಿ. ನನಗೂ ಗೊತ್ತಿಲ್ಲ!"

ಕಾಶವ್ವ ಹಣೆ ಹಣೆ ಬಡಿದುಕೊಂಡಳು, ಹಣೆ ತುಂಬಾ ಜೋಳದ ಹಿಟ್ಟಾಯಿತು. ಮತ್ತೆ ಕಂಪನಿಗೆ ಫೋನು. ಡಬ್ಬಿಯ ಹಿಂದಿನ ಸಣ್ಣ ತೂತಿನಲ್ಲಿ ಪಿನ್ನು ಚುಚ್ಚಿ ಹಿಡಿದರೆ ಎಲ್ಲ ಅಳಿಸಿಹೋಗುತ್ತದೆ, ಮೊದಲಿನಿಂದ ಮಾಡಿ ಅಂದರು.

"ಕಣ್ಣು ತೆರಕೊಂಡು ಮಾಡೋ ಮೂಳಾ! ಜನಾ ಉಪಯೋಗಸಲಿ ಅಂತ ತಂದ ವಸ್ತು ಅದು. ಯಾರು ಕೇಳಿದ್ರೂ ಮುಚ್ಚಿಡಬ್ಯಾಡ, ಕೇಳಿದ ಕೂಡ್ಲೆ ಹೇಳಿಬಿಡು! ತಿಳೀತೇನು?"

"ತಿಳೀತವ್ವಾ!"

ಶನಿವಾರ ವೈಫೈ ಹತ್ತಿತು. ಹುಡುಗಿಯರು ಕುಣಿದಾಡಿದರು, ಓದುವುದು ಬಿಟ್ಟು ರೀಲ್ಸು ನೋಡಿದರು. ಕಾಶವ್ವ ಸಂತೋಷಕ್ಕೆ ಮಾದಲಿ ಮಾಡಿ ಬಡಿಸಿದಳು. ಆದರೆ ಭಾನುವಾರ ಬೆಳಗಾದರೆ ಮನೆಯ ಮುಂದೆ ಜಾತ್ರೆ! ಕಟ್ಟೆಯ ಮೇಲೆ ಆಟೋದವರು, ಚಹಾ ಅಂಗಡಿಯವರು, ಯಾವುದೋ ಕ್ಲಾಸಿನ ಹುಡುಗರು, ಎಲ್ಲರೂ ತಲೆ ಬಗ್ಗಿಸಿ ಫೋನು ನೋಡುತ್ತಾ ಕೂತಿದ್ದಾರೆ. ಈರಭದ್ರ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಪಾಸ್‌ವರ್ಡ್ ಹೇಳುತ್ತಿದ್ದಾನೆ. ಕೇಳದೆ ದಾಟಿ ಹೋಗುವವರನ್ನು ಕರೆದು, "ಕೇಳ್ರಿ, ಕೇಳಿದ್ರ ಹೇಳ್ತೀನಿ!" ಅನ್ನುತ್ತಿದ್ದಾನೆ.

ಮೇಲೆ ಹುಡುಗಿಯರ ಫೋನಿನಲ್ಲಿ ಚಕ್ರ ತಿರುಗಿದ್ದೇ ತಿರುಗಿದ್ದು. ತ್ರಿವೇಣಿ ಕೈ ಮುಗಿದಳು. "ಸಾಕ್ರಿ ಆಂಟಿ. ನಾಳೆ ಮುಂಜಾನೆ ನಾವು ಸುಶೀಲಕ್ಕಾರ ಮನಿಗೆ."

ಕಾಶವ್ವನ ಕಣ್ಣಲ್ಲಿ ನೀರು ಬಂತು. ಆ ನೀರಿನ ಜೊತೆಗೇ ಸಿಟ್ಟೂ ಬಂತು.

"ನನ್ನ ಹೊಟ್ಟಿಯಾಗ ಹೆಂಗ ಹುಟ್ಟಿದ್ಯೋ? ಆ ಡಬ್ಬಿ ಓಣಿ ಮಂದಿ ಸಲುವಾಗಿ ತಂದೆನೇನು? ಹುಡುಗ್ಯಾರ ಸಲುವಾಗಿ! ಪಾಸ್‌ವರ್ಡ್ ಬದಲು ಮಾಡು, ಹುಡುಗ್ಯಾರಿಗೆ ಬಿಟ್ಟು ಮತ್ಯಾರಿಗೂ ಹೇಳಬ್ಯಾಡ. ಅವರು ಎಲ್ಲಿ ಕೂತು ಓದ್ತಾರೋ ಅಲ್ಲೇ ಡಬ್ಬಿ ಇಡು. ಅವರ ಟೆಸ್ಟ್ ನಡುವ ನಿಲ್ಲಬಾರದು! ತಿಳೀತೇನು?"

"ತಿಳೀತವ್ವಾ!"

ಸೋಮವಾರ ಬೆಳಿಗ್ಗೆ ಹುಡುಗಿಯರು ಟ್ರಂಕು ಎತ್ತಿಕೊಂಡು ಓಣಿ ದಾಟಿದರು. ಕಾಶವ್ವ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಳು. ಎದುರುಮನೆಯ ಬಾಗಿಲಲ್ಲೇ ಜಗಳ ಶುರುವಾಯಿತು.

"ಎಲ್ಲೈತ್ರಿ ವೈಫೈ?"

"ಬರ್ತೈತಿ ಬರ್ರೆವ್ವಾ, ನಾಳೆ ನಾಡಿದ್ದು ಬರ್ತೈತಿ" ಅನ್ನುತ್ತಿದ್ದಳು ಸುಶೀಲಕ್ಕ. ಅವಳ ವೈಫೈ ಬರೀ ಬಾಯಲ್ಲಿತ್ತು, ಮನೆಯಲ್ಲಿರಲಿಲ್ಲ!

ಕಾಶವ್ವನಿಗೆ ಜೀವ ಬಂತು. ಇನ್ನೇನು, ಟ್ರಂಕು ಹೊತ್ತು ತಿರುಗಿ ಬರುತ್ತಾರೆ. ಬರದೇ ಎಲ್ಲಿಗೆ ಹೋಗುತ್ತಾರೆ? ಹೆಂಚು ಕಾಯಲಿಟ್ಟಳು. ಒಂದು ರೊಟ್ಟಿ ಬೇಯಿಸಿದಳು, ಬರಲಿಲ್ಲ. ಬುಟ್ಟಿ ತುಂಬಾ ರೊಟ್ಟಿಯಾಯಿತು, ಬರಲಿಲ್ಲ. ಎದುರುಮನೆಯಿಂದ ಹುಡುಗಿಯರ ಚಪ್ಪಾಳೆ ಮಾತ್ರ ಕೇಳಿಸಿತು.

ಹೊರಗೆ ಬಂದು ನೋಡಿದಳು. ಪಡಸಾಲೆಯಲ್ಲಿ ಡಬ್ಬಿ ಇಲ್ಲ. ಡಬ್ಬಿಯ ತಂತಿ ಕಿಟಕಿಯಿಂದ ಹೊರಬಿದ್ದು, ಓಣಿ ದಾಟಿ, ಸುಶೀಲಕ್ಕನ ಮನೆ ಸೇರಿದೆ. ಅದರ ಜೊತೆಗೆ ಪೆಂಡಾಲಿನವರ ಉದ್ದನೆಯ ಕರೆಂಟು ವೈರೊಂದು ಕಾಶವ್ವನ ಪಡಸಾಲೆಯ ಪ್ಲಗ್ಗಿನಿಂದ ಹೊರಟು ಅಲ್ಲಿಗೇ ಹೋಗಿದೆ. ಎದುರುಮನೆಯ ಬಾಲ್ಕನಿಯಲ್ಲಿ ಈರಭದ್ರ ಸುಶೀಲಕ್ಕ ಕೊಟ್ಟ ಅವಲಕ್ಕಿ ತಿನ್ನುತ್ತಾ ನಿಂತಿದ್ದಾನೆ. ಹುಟ್ಟಿದಾಗಿನಿಂದ ಮೊದಲ ಸಲ ಎಲ್ಲವನ್ನೂ ಸರಿಯಾಗಿ ಮಾಡಿದ್ದ.

"ಕಾಶವ್ವಾ," ಅಂದಳು ಸುಶೀಲಕ್ಕ ಬಾಗಿಲಿಗೆ ಬಂದು, "ನಿನ್ನ ಮಗ ಭಾಳ ಶಾಣ್ಯಾ ನೋಡು!"

ಕಾಶವ್ವ ಹಲ್ಲು ಕಚ್ಚಿ ಒಳಗೆ ಹೋಗಿ ಪಡಸಾಲೆಯ ಸ್ವಿಚ್ಚಿಗೆ ಕೈ ಹಾಕಿದಳು. ಕಿಟಕಿಯಲ್ಲಿ ಅದನ್ನು ಕಂಡ ಈರಭದ್ರ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

"ಯವ್ವಾ, ಆರಸಬ್ಯಾಡ! ಹುಡುಗ್ಯಾರ ಟೆಸ್ಟ್ ನಡದೈತಿ! ಸುಶೀಲಕ್ಕಾರಿಗ್ಯಾಕ ತ್ರಾಸು ಅಂತ ಕರೆಂಟೂ ನಮ್ಮದಽ ಕೊಟ್ಟೀನಿ!"