ಒಡೆದ ಗಡಿಗೆಗಳ ಗುಡ್ಡ

ಏಜಿಯನ್ ಕಡಲಿನ ಸಣ್ಣ ದ್ವೀಪವೊಂದರಲ್ಲಿ, ಮೀನುಗಾರರ ಊರಿನ ಬೆನ್ನಿಗೆ, ಒಂದು ಬೋಳು ಗುಡ್ಡವಿದೆ. ಅಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ. ಮೇಕೆಗಳು ತುಳಿದ ದಾರಿ, ಮುಳ್ಳುಪೊದೆ, ಬಿಡದೆ ಬೀಸುವ ಗಾಳಿ. ಊರವರು ಅದನ್ನು ಒಡೆದ ಗಡಿಗೆಗಳ ಗುಡ್ಡ ಎನ್ನುತ್ತಾರೆ. ಆ ಹೆಸರು ಬಂದದ್ದು ಮೆಲಿನ್ನಾ ಎಂಬ ಸೂಲಗಿತ್ತಿಯಿಂದ.

ಬಹಳ ಹಿಂದೆ, ಹುಟ್ಟಿದ ಕೂಸನ್ನು ಸಾಕಬೇಕೋ ಬೇಡವೋ ಎಂದು ತಂದೆಯೊಬ್ಬನೇ ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಬೇಡವಾದ ಹೆಣ್ಣುಕೂಸುಗಳನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಆ ಗುಡ್ಡದ ಮೇಲೆ ಬಿಟ್ಟುಬರುವುದು ಸೂಲಗಿತ್ತಿಯ ಪಾಲಿಗೆ ಬರುತ್ತಿತ್ತು. ಮೆಲಿನ್ನಾ ಹಾಗೆ ಆರು ಗಡಿಗೆ ಹೊತ್ತಿದ್ದಳು. ಮರುದಿನ ಹೋಗಿ ನೋಡಿದರೆ ಗಡಿಗೆ ಇರುತ್ತಿರಲಿಲ್ಲ. ಮಕ್ಕಳಿಲ್ಲದವರು ಯಾರೋ ಒಯ್ದಿರಬೇಕೆಂದು ತನಗೆ ತಾನೇ ಹೇಳಿಕೊಂಡು ಬದುಕಿದ್ದಳು. ಏಳನೆಯದು ಅವಳ ಸ್ವಂತ ಮಗಳು ಗ್ಲೌಕೆ ಹೆತ್ತ ಕೂಸು. ಅಳಿಯ ಅದರ ಮುಖವನ್ನೂ ನೋಡಲಿಲ್ಲ. "ಹೆಣ್ಣಾದರೆ ಬೇಡವೆಂದು ಮೊದಲೇ ಹೇಳಿದ್ದೆನಲ್ಲ, ಅತ್ತೆ," ಎಂದು ಹೊರಟುಹೋದ. ಗೋಡೆಗೆ ಮುಖಮಾಡಿ ಮಲಗಿದ್ದ ಗ್ಲೌಕೆ ಆಡಿದ್ದು ಒಂದೇ ಮಾತು: "ಅಮ್ಮಾ, ಮುಚ್ಚಳ ಬಿಗಿಯಾಗಿ ಮುಚ್ಚಬೇಡ."

ಇಳಿಹೊತ್ತಿನಲ್ಲಿ ಗುಡ್ಡ ಹತ್ತಿದ ಮೆಲಿನ್ನಾಗೆ ಗಡಿಗೆ ಕೆಳಗಿಡಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಕತ್ತೆಯ ಗೊರಸಿನ ಸದ್ದು ಕೇಳಿಸಿತು. ಬಂಡೆಯ ಮರೆಗೆ ಸರಿದು ನೋಡಿದಳು. ಬಂದವನು ಬಂದರಿನ ಗುಲಾಮರ ವ್ಯಾಪಾರಿ. ಅವನ ಕತ್ತೆಯ ಮೇಲಿನ ಬುಟ್ಟಿಯಲ್ಲಿ, ಬೇರೆ ಯಾರೋ ಇಟ್ಟುಹೋಗಿದ್ದ ಇನ್ನೊಂದು ಗಡಿಗೆಯೊಳಗಿಂದ ಕೂಸೊಂದು ಸಣ್ಣಗೆ ಅಳುತ್ತಿತ್ತು. ತಾನು ಹೊತ್ತ ಆರೂ ಕೂಸುಗಳು ಎಲ್ಲಿಗೆ ಹೋದವೆಂದು ಅವಳಿಗೆ ಆಗ ತಿಳಿಯಿತು. ಬಂದರಿನ ಸೂಳೆಗೇರಿಯ ಅಷ್ಟೊಂದು ಹೆಂಗಸರಿಗೆ ಹೆತ್ತವಳ ಹೆಸರು ಏಕೆ ಗೊತ್ತಿಲ್ಲವೆಂಬುದೂ ತಿಳಿಯಿತು. ಮೊಮ್ಮಗಳು ಅಳದಂತೆ ಬೆರಳನ್ನು ಅದರ ಬಾಯಿಗಿಟ್ಟಳು. ಆದರೂ ಅವನು ಕಂಡುಬಿಟ್ಟ.

"ಇಟ್ಟು ಹೋಗಮ್ಮ, ನಾನು ನೋಡಿಕೊಳ್ಳುತ್ತೇನೆ," ಎಂದು ನಗುತ್ತಾ ಕೈಚಾಚಿದ.

ಮೆಲಿನ್ನಾ ಗಡಿಗೆಯನ್ನು ಎದೆಗವಚಿಕೊಂಡಳು. ಹೇಗೋ ಸುಳ್ಳೊಂದು ಹೊರಬಂತು. "ಮುಟ್ಟಬೇಡ! ಇದರ ತಾಯಿ ಮೈಯೆಲ್ಲ ಬೊಕ್ಕೆ ಎದ್ದು ಸತ್ತಳು. ನಿನ್ನ ಬುಟ್ಟಿಯಲ್ಲಿರುವುದನ್ನು ಎತ್ತಿದ್ದೂ ಇದೇ ಕೈ."

ಅವನು ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ಬುಟ್ಟಿಯನ್ನು ಅಲ್ಲಿಯೇ ಇಳಿಸಿಬಿಟ್ಟು, ಕತ್ತೆಯನ್ನು ಎಳೆದುಕೊಂಡು ಓಡಿದ. ಮೆಲಿನ್ನಾ ಎರಡೂ ಕೂಸುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎರಡೂ ಗಡಿಗೆಗಳನ್ನು ಬಂಡೆಗೆ ಅಪ್ಪಳಿಸಿ, ಗುಡ್ಡದ ಆಚೆಗೆ ಇಳಿದುಹೋದಳು. ಮೂರನೆಯ ದಿನ ಗ್ಲೌಕೆಯೂ ಹಾಸಿಗೆಯಿಂದೆದ್ದು ಅದೇ ದಾರಿ ಹಿಡಿದಳಂತೆ. ಗಂಡನ ಮನೆಗೆ ಅವಳು ಮರಳಲಿಲ್ಲ. ಅಂದಿನಿಂದ ಆ ಗುಡ್ಡದ ಮೇಲೆ ಯಾರು ಗಡಿಗೆ ಇಟ್ಟರೂ ಬೆಳಗಾಗುವುದರೊಳಗೆ ಅದು ಒಡೆದು ಬರಿದಾಗಿರುತ್ತಿತ್ತು ಎನ್ನುತ್ತಾರೆ.

ಈಗಲೂ ಮೇಲೆ ಹತ್ತಿದವರಿಗೆ ಕಾಲಡಿಯಲ್ಲಿ ಕೆಂಪು ಚೂರುಗಳು ಸಿಗುತ್ತವೆ. ಅವನ್ನು ಒಯ್ಯಲು ಊರಿನ ಹೆಂಗಸರು ಯಾರನ್ನೂ ಬಿಡುವುದಿಲ್ಲ. ತಾವು ಮಾತ್ರ ಒಮ್ಮೊಮ್ಮೆ ಬಗ್ಗಿ, ಒಂದನ್ನೆತ್ತಿ ಕಿವಿಗೆ ಹಿಡಿದು, ಕೂಸಿನ ಅಳು ಕೇಳುತ್ತದೇನೋ ಎಂದು ಸ್ವಲ್ಪ ಹೊತ್ತು ಆಲಿಸಿ, ಎತ್ತಿದ ಜಾಗದಲ್ಲೇ ಇಟ್ಟು ಬರುತ್ತಾರೆ.