ಆರನೆಯ ಬೆರಳು

“ಗುರುಗಳೇ, ಚಿತ್ರ ಚೆನ್ನಾಗಿದ್ದರೆ ಸಾಲದೇ? ಬರೆದವರು ಯಾರಾದರೇನು?” ಎಂದು ಶಿಷ್ಯ ಮರಿದೇವ ಕೇಳಿದ.

ಮಠಕ್ಕೆ ಭಕ್ತರು ಒಪ್ಪಿಸಿದ ಚಿತ್ರಗಳನ್ನು ಒಂದು ಕೋಣೆಯಲ್ಲಿ ತೂಗುಹಾಕಿ, ಒಂದೊಂದರ ಕೆಳಗೂ ಬರೆದವರ ಹೆಸರಿನ ಪಟ್ಟಿ ಅಂಟಿಸುವುದು ಅವನ ಕೆಲಸ. ಹಿಂದಿನ ದಿನ ಒಬ್ಬ ಮುದುಕ ಬಂದು, ಅಲ್ಲಿನ ಒಂದು ಚಿತ್ರ ತನ್ನ ಅಣ್ಣನ ಕೈಯದೆಂದೂ ಕೆಳಗಿರುವ ಹೆಸರು ತಪ್ಪೆಂದೂ ಗೋಗರೆದಿದ್ದ. ಮರಿದೇವ ಅವನ ಕೈಗೆ ಪ್ರಸಾದ ಕೊಟ್ಟು ಸಾಗಹಾಕಿದ್ದ. ಜಗಲಿಯಲ್ಲಿದ್ದ ಗುರುಗಳು ಅದನ್ನು ಕಂಡಿದ್ದರು.

“ಒಳ್ಳೇ ವೇದಾಂತಿ ಕಣಯ್ಯ ನೀನು. ಕೂತುಕೋ,” ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಬ್ಬ ಅರಸನ ಚಿತ್ರಶಾಲೆಗೆ ಒಬ್ಬ ಪಾಲಕನಿದ್ದ. ಕೆಟ್ಟವನಲ್ಲ, ಪಾಪ. ಚಿತ್ರದ ಮೇಲೆ ನೊಣ ಕೂತರೂ ಅವನ ಜೀವ ಚುರುಕ್ಕೆನ್ನುತ್ತಿತ್ತು. ಆ ಸೀಮೆಯಲ್ಲಿ ಒಂದು ಪದ್ಧತಿ. ಚಿತ್ರವನ್ನು ಎಷ್ಟು ಕೈ ಸೇರಿ ಬರೆದಿರಲಿ, ಕಡೆಯಲ್ಲಿ ಸ್ನಾನ ಮಾಡಿ ಬಂದು ಅದಕ್ಕೆ ಕಣ್ಣು ಬರೆಯುವವನು ಹಿರಿಯ ಚಿತ್ರಗಾರ. ಕಣ್ಣು ತೆರೆಸಿದವನದೇ ಹೆಸರು. ಪಾಲಕನೂ ಅಷ್ಟನ್ನೇ ವಿಚಾರಿಸಿ ಪಟ್ಟಿ ಬರೆಯುತ್ತಿದ್ದ.

ಅಲ್ಲಿ ಎಲ್ಲರಿಗೂ ಪ್ರಿಯವಾದದ್ದು ಒಂದು ಚಿತ್ರ. ತಾಯಿ ಕಾಲು ನೀಡಿ ಕೂತು, ಕಾಲ ಮೇಲೆ ಬಾಲಕೃಷ್ಣನನ್ನು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಾಳೆ. ನೋಡಿದವರು “ನನ್ನ ಕಂದಾ” ಎನ್ನದೆ ಮುಂದೆ ಹೋಗುತ್ತಿರಲಿಲ್ಲ.

ಒಂದು ದಿನ ದೂರದಿಂದ ಒಬ್ಬ ಮುದುಕಿ ಬಂದಳು. ಆ ಚಿತ್ರದ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸ್ವಾಮೀ, ಇದನ್ನು ಬರೆದವಳು ನಾನು. ನನ್ನ ಗಂಡ ಈ ಪಟ್ಟಿಯಲ್ಲಿರುವ ಹಿರಿಯರ ಕೈಕೆಳಗೆ ಕೆಲಸಕ್ಕಿದ್ದರು. ಗಂಡ ಜ್ವರದಲ್ಲಿ ಮಲಗಿದಾಗ ಮನೆಯಲ್ಲಿ ನಾನೇ ಬರೆದುಕೊಟ್ಟೆ. ಕಣ್ಣು ಮಾತ್ರ ಹಿರಿಯರದು. ಮಗು ನನ್ನದು, ಸ್ವಾಮಿ. ವರ್ಷ ತುಂಬುವ ಮುಂಚೆಯೇ ಹೋಗಿಬಿಟ್ಟಿತು. ಎಡಗಾಲಲ್ಲಿ ಆರು ಬೆರಳಿತ್ತು, ಹಾಗೆಯೇ ಬರೆದಿದ್ದೆ. ದೇವರಿಗೆ ಆರು ಬೆರಳುಂಟೇ ಎಂದು ಹಿರಿಯರು ಮೇಲೆ ಗೆಜ್ಜೆ ಇಳಿಬಿಟ್ಟು ಮುಚ್ಚಿದರು. ಆ ಮಗು ಭೂಮಿಯ ಮೇಲೆ ಇತ್ತು ಎನ್ನುವುದಕ್ಕೆ ಇದೊಂದೇ ಗುರುತು. ಅದರ ತಾಯಿಯ ಹೆಸರು ಕೆಳಗಿರಲಿ.”

ಪಾಲಕನಿಗೆ ಅಯ್ಯೋ ಎನ್ನಿಸಿತು. ಆದರೆ ಆ ಹಿರಿಯ ಚಿತ್ರಗಾರ ಅರಸನಿಗೆ ಬೇಕಾದವನು. ಇಲ್ಲದ ಉಸಾಬರಿ ತನಗೇಕೆ ಅಂದುಕೊಂಡ.

“ಹೆಸರು ಯಾರದ್ದಾದರೇನಮ್ಮ? ಚಿತ್ರ ಚೆನ್ನಾಗಿದೆಯಲ್ಲ. ಕಣ್ತುಂಬ ನೋಡಿಕೊಂಡು ಹೋಗು,” ಎಂದ, ಮೆತ್ತಗೆ.

ಅವಳು ಚಿತ್ರದ ಮಗುವಿಗೆ ದೃಷ್ಟಿ ತೆಗೆದು, ನೆಟಿಗೆ ಮುರಿದು, ಹೊರಟುಹೋದಳು.

ಪಾಲಕನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಎದ್ದು ಹೋಗಿ, ದೀಪ ಹಚ್ಚಿ, ಚಿತ್ರದ ಓರೆಗೆ ಹಿಡಿದ. ಗೆಜ್ಜೆಯ ಚಿನ್ನದ ತೆಳು ರೇಕಿನಡಿಯಲ್ಲಿ, ಕಿರುಬೆರಳ ಪಕ್ಕಕ್ಕೆ ಇನ್ನೊಂದು ಪುಟ್ಟ ಬೆರಳು ಉಬ್ಬಿ ಕಂಡಿತು. “ಶಿವಶಿವಾ!” ಎಂದ. ಕೆಲಸ ಹೋದರೆ ಹೋಗಲಿ ಎಂದು ಹಳೆಯ ಪಟ್ಟಿಯನ್ನು ಕಿತ್ತ. ಹೊಸ ಪಟ್ಟಿಯ ಮೇಲೆ ‘ಕಣ್ಣು ತೆರೆಸಿದವರು’ ಎಂದು ಹಿರಿಯ ಚಿತ್ರಗಾರನ ಹೆಸರು ಬರೆದ. ಅದಕ್ಕೂ ಮೇಲೆ ‘ಚಿತ್ರ ಬರೆದ ತಾಯಿ’ ಎಂದು ಬರೆದ. ಅಲ್ಲಿಗೆ ಅವನ ಕೈ ನಿಂತಿತು. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಬೀದಿಗೆ ಓಡಿದ. ಛತ್ರ, ಬಾವಿಕಟ್ಟೆ, ಊರ ಬಾಗಿಲು, ಎಲ್ಲ ಹುಡುಕಿದ. ಚಿತ್ರಗಾರರ ಕೇರಿಯಲ್ಲಿ ವಿಚಾರಿಸಿದ. ಆ ಗಂಡಹೆಂಡಿರು ಊರು ಬಿಟ್ಟು ಎಷ್ಟೋ ಕಾಲವಾಯಿತು ಎಂದರು. ಗಂಡನ ಹೆಸರು ಹೇಳಿದರು. ಹೆಂಡತಿಯ ಹೆಸರು ಕೇಳಿದರೆ ಮುಖ ಮುಖ ನೋಡಿಕೊಂಡರು.

ಅವಳು ಮತ್ತೆ ಬರಲಿಲ್ಲ. ಅಂದಿನಿಂದ ಪಾಲಕ ಚಿತ್ರಶಾಲೆಗೆ ಯಾರೇ ಬರಲಿ, ಮೊದಲು “ನಿಮ್ಮ ಹೆಸರೇನು?” ಎಂದು ಕೇಳುತ್ತಿದ್ದ. ಅವನಿಗೆ ಅರಳುಮರಳು ಎಂದು ಜನ ಆಡಿಕೊಂಡರು. ಪಟ್ಟಿಯ ಮೇಲಿನ ಆ ಜಾಗ ಖಾಲಿಯೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಮರಿದೇವನ ಕಣ್ಣು ತುಂಬಿತ್ತು. “ಅಯ್ಯೋ ಪಾಪ, ಹೆಸರೊಂದು ಕೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ,” ಎಂದ.

“ಹೌದು ಮಗು. ನಿನ್ನೆ ಬಂದಿದ್ದ ಆ ಮುದುಕನ ಹೆಸರೇನು?” ಎಂದು ಗುರುಗಳು ಕೇಳಿದರು.